ಸೋಂಪಿನ ತಟ್ಟೆ

ಹೆಸರು ತಿಪ್ಪೇಸ್ವಾಮಿ, ಊರು ನಾಯಕನಹಟ್ಟಿ.
ದಾವಣಗೆರೆಗೆ ಬಂದ ವಾರದೊಳಗೆ
ಗಲ್ಲಾದಲ್ಲಿ ಕೂತ ಮಾಲೀಕರು ಅದನ್ನು
ಟಿಪ್ಸ್‌ಸ್ವಾಮಿ ಮಾಡಿದರು.
ನಕ್ಕೆ. ನಗದೆ ಏನು ಮಾಡಲಿ,
ಸಂಬಳ ಅವರದು, ಮಿಕ್ಕಿದ್ದು ಗಿರಾಕಿಯದು.

ಇಪ್ಪತ್ತೊಂಬತ್ತು ವರ್ಷ ಬೆಣ್ಣೆದೋಸೆ ಹೊತ್ತಿದ್ದೇನೆ,
ಎಡಗೈಯಲ್ಲಿ ಆರು ತಟ್ಟೆ, ಮೊಣಕೈವರೆಗೆ.
ಯಾರು ಇಡುತ್ತಾರೆ, ಯಾರು ಇಡುವುದಿಲ್ಲ,
ಕೈ ತೊಳೆಯಲು ಎದ್ದ ನಡಿಗೆಯಲ್ಲೇ ಗೊತ್ತಾಗುತ್ತದೆ.
ಹತ್ತಿ ದಲಾಲರು ಚಿಲ್ಲರೆಯನ್ನು ಎರಡು ಸಲ ಎಣಿಸಿ
ಒಂದು ರೂಪಾಯಿಯನ್ನು ಸೋಂಪಿನೊಳಗೆ ಹೂಳುತ್ತಿದ್ದರು,
ಬೀಜ ಬಿತ್ತಿದ ಹಾಗೆ.
ಹೊಸದಾಗಿ ಮದುವೆಯಾದವನು ಹೆಂಡತಿ ನೋಡುವಂತೆ ಇಡುತ್ತಾನೆ;
ಆರು ತಿಂಗಳ ಮೇಲೆ, ಅವಳು ನೋಡದಂತೆ.
ಮೇಷ್ಟ್ರೊಬ್ಬರು ಏನೂ ಇಡದೆ
'ಮಗಳು ಈಗ ಎಷ್ಟನೇ ಕ್ಲಾಸು?' ಅನ್ನುತ್ತಿದ್ದರು.
ಅದನ್ನು ಯಾವ ಜೇಬಿಗೆ ಹಾಕಿಕೊಳ್ಳಲಿ?
ಒಲೆಯ ಮುಂದಿನ ಕರಿಬಸಣ್ಣನಿಗೆ ಯಾರೂ ಇಡಲಿಲ್ಲ,
ಅವನ ಮುಖ ಯಾವ ಟೇಬಲ್ಲಿಗೂ ಕಾಣುತ್ತಿರಲಿಲ್ಲ.
ರಾತ್ರಿ ಶಟರ್ ಎಳೆದ ಮೇಲೆ ನಾನೇ ಒಂದಿಷ್ಟು
ಅವನ ಬೀಡಿಕಟ್ಟಿನ ಕೆಳಗೆ ಇಡುತ್ತಿದ್ದೆ.
ಎಲ್ಲ ದಿನ ಅಲ್ಲ.

ಮೆಡಿಕಲ್ ಕಾಲೇಜಿನ ಹುಡುಗರು
ಒಂದು ಭಾನುವಾರ ಇದೇ ಮಾತಿಗೆ ಜಗಳ ತೆಗೆದರು,
ದೇಶ ದೇಶದ ಮಕ್ಕಳು, ಮಧ್ಯೆ ಎರಡು ಖಾಲಿ ದೋಸೆ.
ಒಂದು ದೇಶದಲ್ಲಿ ನೂರಕ್ಕೆ ಇಪ್ಪತ್ತು ಇಡದಿದ್ದರೆ
ಸಪ್ಲೈಯರು ಬಾಗಿಲವರೆಗೆ ಬೆನ್ನಟ್ಟಿ ಬಂದು
'ನನ್ನಿಂದ ಏನು ತಪ್ಪಾಯಿತು?' ಅನ್ನುತ್ತಾನಂತೆ.
ಇನ್ನೊಂದರಲ್ಲಿ, ಇಟ್ಟರೆ, ಬೀದಿಯವರೆಗೆ ಓಡಿ ಬಂದು
'ಮರೆತು ಹೋಗಿದ್ದಿರಿ' ಅಂತ
ಎರಡೂ ಕೈಯಲ್ಲಿ ವಾಪಸು ಕೊಡುತ್ತಾನಂತೆ.
ಮತ್ತೊಂದರಲ್ಲಿ ಬಿಲ್ಲಿನೊಳಗೇ ಸೇರಿಸಿರುತ್ತಾರಂತೆ,
ಕೊಟ್ಟವನಿಗೆ ಕೊಟ್ಟ ಸುಖವೂ ಇಲ್ಲ.
ಚಟ್ನಿ ಬಡಿಸುತ್ತಾ ಕೇಳಿಸಿಕೊಂಡೆ.
ನನಗೆ ತಿಳಿದದ್ದು ಇಷ್ಟು:
ಎಲ್ಲಿ ಹೋದರೂ ಓಡುವವನು ನಮ್ಮವನೇ.
ಹುಡುಗರು ಎದ್ದು ಹೋದರು.
ತಟ್ಟೆಯಲ್ಲಿ ಸೋಂಪೂ ಉಳಿದಿರಲಿಲ್ಲ.

ನಮ್ಮ ಹಟ್ಟಿಯ ಅಜ್ಜ ಹೇಳಿಹೋದ ಮಾತು,
ಮಾಡಿದಷ್ಟು ನೀಡು ಭಿಕ್ಷೆ.
ಕೂಲಿಯನ್ನೇ ಭಿಕ್ಷೆ ಅಂದನೋ, ಭಿಕ್ಷೆಯನ್ನೇ ಕೂಲಿ ಅಂದನೋ,
ಟೇಬಲ್ ಒರೆಸುವಾಗೆಲ್ಲ ತೂಗಿದ್ದೇನೆ.
ಮುಳ್ಳು ನಿಂತಿಲ್ಲ.

ಹೋದ ತಿಂಗಳು ಮಗಳು ವಿನುತ, ಈಗ ನರ್ಸು,
ಮೊದಲ ಸಂಬಳದಲ್ಲಿ ಏಸಿ ಹೋಟೆಲಿಗೆ ಕರೆದೊಯ್ದಳು.
ಕೂತು ತಿನ್ನುವುದು ನನಗೆ ಬರುವುದಿಲ್ಲವೆಂದು ಅವತ್ತು ತಿಳಿಯಿತು.
ಬಡಿಸಿದವನು ನೇಪಾಳದ ಹುಡುಗ,
ಎದೆಯ ಮೇಲಿನ ಚೀಟಿಯಲ್ಲಿ ಖಗೇಂದ್ರ.
ಬಿಲ್ಲು ಮಗಳದು. 'ಅದೊಂದು ನನಗೆ ಬಿಡು' ಅಂದೆ.
ಹತ್ತು ಇಟ್ಟೆ: ಒಳಗೊಳಗೇ ಬೈಯುತ್ತಿದ್ದ ಗಿರಾಕಿ ನಾನೇ ಆದೆ.
ನೂರು ಇಟ್ಟೆ: ನನ್ನ ದೊಡ್ಡಸ್ತಿಕೆಗೆ ನನಗೇ ನಾಚಿಕೆ.
ತೆಗೆದೆ. ಐವತ್ತು.
ಅವನ ಮುಖ ನೋಡಲಾಗಲಿಲ್ಲ.
ಕೈ ಸುಮ್ಮನಿರದೆ
ನಾಲ್ಕು ಲೋಟದೊಳಗೆ ನಾಲ್ಕು ಬೆರಳು ಇಳಿಸಿ ಎತ್ತಿತು.
'ಅಪ್ಪಾ!' ಅಂದಳು ಮಗಳು.

ರೈಲ್ವೆ ಗೇಟು ಹಾಕಿತ್ತು, ನಿಂತಿದ್ದೆವು.
ಹಿಂದೆ ಬೂಟಿನ ಸದ್ದು.
ಎಷ್ಟು ಕಮ್ಮಿಯಾಯಿತೋ ಅಂತ ಎದೆ ಧಸಕ್ಕೆಂದಿತು.
ಏದುಸಿರಿನ ಖಗೇಂದ್ರ ಐವತ್ತನ್ನು ನನ್ನ ಅಂಗೈಗೆ ಒತ್ತಿದ:
'ಅಂಕಲ್, ನಿಮ್ದು ನಮ್ದು ಒಂದೇ ಕೆಲ್ಸ.
ಲೋಟ ಎತ್ತಿದ್ದು ನೋಡ್ದೆ.'
ಗೂಡ್ಸು ಗಾಡಿ ಬಂತು. ಅವನು ಇನ್ನೇನೋ ಹೇಳಿದ, ಕೇಳಿಸಲಿಲ್ಲ.
ಆ ಹುಡುಗರ ಲೆಕ್ಕದಲ್ಲಿ ಈ ದೇಶ ಇರಲಿಲ್ಲ.

ಆ ನೋಟನ್ನು ದೇವರ ಮುಂದೆ ಇಟ್ಟಿದ್ದೇನೆ ಅಂದರೆ ಚೆಂದ.
ಇಲ್ಲ. ಗೇಟು ದಾಟಿ ಗಾಡಿಯೊಂದರಲ್ಲಿ
ಮಂಡಕ್ಕಿ ಮೆಣಸಿನಕಾಯಿ ತಗೊಂಡೆವು.
ಪೇಪರ್ ಪೊಟ್ಟಣ, ಟಿಪ್ಸಿಡಲು ತಟ್ಟೆಯೇ ಇಲ್ಲ.
ದುಡ್ಡು ಕೊಟ್ಟು ತಿರುಗುವಷ್ಟರಲ್ಲಿ ಗಾಡಿಯ ಹೆಂಗಸು
'ನಿಲ್ಲಣ್ಣ' ಅಂತ ಕರೆದು
ಇನ್ನೊಂದು ಹಿಡಿ ಮಂಡಕ್ಕಿ ಮೇಲೆ ಸುರಿದಳು,
ಕೊಸರು.